ಸೈನ್ ಎಕ್ಸ್ ಕಾಸ್ ಟೂ ಎಕ್ಸ್

ಬೋರ್ಡಿನ ಎಡಮೂಲೆಯಲ್ಲಿರುವುದು ಮೂರೋ, ಹಸಿರು ಬಣ್ಣ ಎದ್ದುಹೋದ ಗೀರೋ, ಶನಿವಾರದ್ದು ಇನ್ನೂ ಉಳಿದಿದೆಯೇ, ಡಸ್ಟರಿನಿಂದ ಎರಡು ಸಲ ಎಳೆದೆ, ಹೋಗಲಿಲ್ಲ, ಅಂಗೈಯಿಂದ ಒರೆಸಿದರೆ ಹೀಗೇ, ಬೆವರಿಗೆ ಸುಣ್ಣ ಅಂಟಿಕೊಂಡು ಕೂತುಬಿಡುತ್ತದೆ — ಇರಲಿ, ಬರಿ ಅಂಬಾದಾಸ, ಬೆನ್ನ ಹಿಂದೆ ಅರವತ್ತು ಪೆನ್ನುಗಳು ಕಾಯುತ್ತಿವೆ, ಸೈನ್ ಎಕ್ಸ್ ಇಂಟು ಕಾಸ್ ಟೂ ಎಕ್ಸ್, ಇದನ್ನು ಡಿಫರೆನ್ಶಿಯೇಟ್ ಮಾಡಬೇಕು, ಮೊದಲನೆಯದನ್ನು ಹಾಗೇ ಇಡು, ಎರಡನೆಯದನ್ನು ಬದಲಿಸು, ಕೂಡು, ಆಮೇಲೆ ಎರಡನೆಯದನ್ನು ಹಾಗೇ ಇಡು, ಮೊದಲನೆಯದನ್ನು ಬದಲಿಸು, ಹದಿನೆಂಟು ವರ್ಷದಿಂದ ಇದೇ ಮಂತ್ರ, ಮೊದಲನೆಯದು ಯು, ಎರಡನೆಯದು ವಿ, ಅದಕ್ಕೇ ಹೈದರಾಬಾದಿನ ಇಂಟರ್‌ಮೀಡಿಯೆಟ್ ಹುಡುಗರಿಗೆ ನಾನು ಯುವಿ ಸಾರ್, ನನ್ನ ಹೆಸರು ಅಂಬಾದಾಸ ಎಂಬುದು ಅರ್ಧ ಜನಕ್ಕೆ ಗೊತ್ತಿಲ್ಲ, ಯುವಿ ಸಾರ್ ಅಂದರೆ ಗೇಟಿನ ಕಾವಲುಗಾರನೂ ಎದ್ದು ನಿಲ್ಲುತ್ತಾನೆ. ಯುಗೆ ಒಂದು ಡಬ್ಬಿ, ವಿಗೆ ಒಂದು ಡಬ್ಬಿ, ಸ್ಕೇಲಿಟ್ಟು ಗೀಟು, ಡಬ್ಬಿ ಇಲ್ಲದಿದ್ದರೆ ಮಾರ್ಕಿಲ್ಲ, ಇದು ನನ್ನ ಕಾನೂನು. ಮೊದಲ ಬೆಂಚಿನ ಬಲತುದಿಯಲ್ಲಿ ಈಗ ಮಾನಸಾ ಕೂತಿದ್ದಾಳೆ, ನಮ್ಮಲ್ಲಿ ವಾರದ ಪರೀಕ್ಷೆಯ ರ‍್ಯಾಂಕಿನಂತೆ ಬೆಂಚು, ಶನಿವಾರದ ತನಕ ಅದು ಶೀತಲಳ ಜಾಗ. ಶೀತಲ ಈಗ ಹಾಸ್ಟೆಲಿನ ಮೆಟ್ಟಿಲ ಮೇಲೆ ಟ್ರಂಕು ಇಟ್ಟುಕೊಂಡು ಕೂತಿರಬೇಕು, ಯಾರು ಯಾವ ಸೆಕ್ಷನ್ ಎಂಬ ಪಟ್ಟಿ ಬರಲಿ ಎಂದು. ಪಟ್ಟಿ ನನ್ನ ಜೇಬಿನಲ್ಲಿದೆ. ಅವಳ ಹೆಸರಿನ ಮುಂದೆ ಕೆಂಪು ಪೆನ್ನಿನಲ್ಲಿ ನಾನೇ ಬರೆದ ಒಂದು ಪದ ಇದೆ, ಕಾಪಿ. ಆ ಪದ ಇದ್ದರೆ ಒಂದನೇ ಸೆಕ್ಷನ್ನಿನಿಂದ ನೇರ ಒಂಬತ್ತನೆಯದಕ್ಕೆ, ಒಂಬತ್ತನೆಯದಕ್ಕೆ ಹೋದವರಿಗೆ ಪುಕ್ಕಟೆ ಸೀಟಿಲ್ಲ, ಊಟವಿಲ್ಲ, ಹಾಸಿಗೆ ಇಲ್ಲ, ಅಂದರೆ ಮನೆಗೆ ನಡಿ. ಆ ಪದದ ಮೇಲೆ ಒಂದು ಗೀಟು ಎಳೆದರೆ ಉಳಿಯುತ್ತಾಳೆ. ಒಂಬತ್ತೂ ಇಪ್ಪತ್ತಕ್ಕೆ ಅಟೆಂಡರ್ ಬಂದು ಪಟ್ಟಿ ಒಯ್ಯುತ್ತಾನೆ, ಈಗ ಎಂಟೂ ನಲವತ್ತು.

ಕಾಸ್ ಟೂ ಎಕ್ಸ್ ಬದಲಾದರೆ ಏನು, ಹೇಳಿ ಎಲ್ಲರೂ, ಮೈನಸ್ ಸೈನ್ ಟೂ ಎಕ್ಸ್, ಅಷ್ಟೇನಾ, ಒಳಗಿರುವ ಎರಡು ಎಲ್ಲಿ ಹೋಯಿತು, ಒಳಗಿರುವುದನ್ನೂ ಬದಲಿಸಿ ಹೊರಗೆ ತಂದು ಗುಣಿಸಬೇಕು, ಇದು ಚೈನ್ ರೂಲ್, ಹೊರಗಿನ ಬಾಗಿಲು ಮೊದಲು, ಒಳಗಿನ ಬಾಗಿಲು ಆಮೇಲೆ, ಎರಡನ್ನೂ ತೆಗೆಯಬೇಕು — ಅರವತ್ತು ಬಾಯಿ ಒಟ್ಟಿಗೆ ಮೈನಸ್ ಟೂ ಸೈನ್ ಟೂ ಎಕ್ಸ್ ಎನ್ನುತ್ತವೆ, ಈ ಒಟ್ಟಿಗೆ ಎನ್ನುವುದು ನನಗೆ ಇಷ್ಟ, ಅದರಲ್ಲಿ ಒಂದು ಬಾಯಿ ಬೇರೆ ರಾಗ ತೆಗೆದರೆ ಕಿವಿಗೆ ಚುಚ್ಚುತ್ತದೆ. ಶೀತಲ ತೆಗೆದಳು. ಶುಕ್ರವಾರದ ಪರೀಕ್ಷೆಯಲ್ಲಿ ಇದೇ ಲೆಕ್ಕ, ಐದು ಮಾರ್ಕು, ಉಳಿದ ಅರವತ್ತು ಪೇಪರಿನಲ್ಲಿ ಡಬ್ಬಿ, ಗೀಟು, ಯು, ವಿ, ಕಣ್ಣುಮುಚ್ಚಿ ಐದು ಹಾಕುತ್ತಾ ಹೋದೆ, ಅವಳದ್ದರಲ್ಲಿ ಎರಡೇ ಸಾಲು. ಅರ್ಧ ಇಂಟು, ಆವರಣದಲ್ಲಿ ಸೈನ್ ತ್ರೀ ಎಕ್ಸ್ ಮೈನಸ್ ಸೈನ್ ಎಕ್ಸ್. ಅದರ ಕೆಳಗೆ, ಅರ್ಧ ಇಂಟು, ಆವರಣದಲ್ಲಿ ಮೂರು ಕಾಸ್ ತ್ರೀ ಎಕ್ಸ್ ಮೈನಸ್ ಕಾಸ್ ಎಕ್ಸ್. ಯು ಇಲ್ಲ, ವಿ ಇಲ್ಲ, ನಾನೇ ಇಲ್ಲ. ಸೊನ್ನೆ ಸುತ್ತಿ ಮುಂದಿನ ಪೇಪರ್ ತೆಗೆದೆ, ಅಷ್ಟರಲ್ಲೇ ಬಿಟ್ಟಿದ್ದರೆ ಆಗಿತ್ತು, ಬಿಡಲಿಲ್ಲ, ಶನಿವಾರ ಅವಳನ್ನು ಬೋರ್ಡಿಗೆ ಕರೆದು ಬರೆಸಿದೆ. ಈ ಮೂರು ಎಲ್ಲಿಂದ ಬಂತಮ್ಮಾ, ಲೆಕ್ಕದಲ್ಲಿ ಒಂದಿದೆ, ಎರಡಿದೆ, ಮೂರೆಲ್ಲಿದೆ, ನಿಮ್ಮಪ್ಪ ಕಟ್ಟುವ ಗೋಡೆಯೊಳಗಿಂದ ಕಿತ್ತು ತಂದೆಯಾ. ಕ್ಲಾಸು ನಕ್ಕಿತು. ಎಂಥ ನಗು ಅದು, ಹಿಂದಿನ ಬೆಂಚಿನವರು ಬೆಂಚು ಬಡಿದು ನಕ್ಕರು, ಮೈಯೆಲ್ಲ ಬೆಚ್ಚಗಾಯಿತು ನನಗೆ, ಆ ನಗುವಿನ ನಡುವೆಯೇ ಅವಳು ಮೆಲ್ಲಗೆ, ಸಾರ್, ಟ್ರಾನ್ಸ್‌ಫರ್ಮೇಶನ್ಸ್ ಪಾಠದ ಸೂತ್ರ ಹಾಕಿ ಗುಣಾಕಾರವನ್ನು ಮೊದಲೇ ವ್ಯವಕಲನ ಮಾಡಿಕೊಂಡೆ, ಎಕ್ಸೂ ಎರಡು ಎಕ್ಸೂ ಕೂಡಿ ಮೂರು ಎಕ್ಸ್. ಅಷ್ಟೇ ಸಾಕಾಯಿತು. ಕೆಂಡ ಮೆಟ್ಟಿದವನಿಗೆ ಬಿಸಿ ಎಂದು ಬೇರೆ ಯಾರೂ ಹೇಳಬೇಕಿಲ್ಲ, ನನಗೆ ತಿಳಿದುಹೋಯಿತು, ಸರಿ ಇದೆ, ಸರಿ ಮಾತ್ರವಲ್ಲ, ನನ್ನದಕ್ಕಿಂತ ಚಿಕ್ಕದಾಗಿದೆ. ಆದರೆ ನಗು ಇನ್ನೂ ನಿಂತಿರಲಿಲ್ಲ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ, ನನ್ನ ಮಾನ ಐದು ಮಾರ್ಕಿಗೆ ಹೋಗುವುದರಲ್ಲಿತ್ತು. ನಡುವಿನ ಹೆಜ್ಜೆ ಎಲ್ಲಿ, ಒಂದೂ ಇಲ್ಲ, ಉತ್ತರ ಮಾತ್ರ ಇದೆ, ಅಂದರೆ ಗೈಡ್ ನೋಡಿ ಹೊಡೆದಿದ್ದು, ಕಾಪಿ, ಎಂದೆ. ಒರೆಸು ಎಂದೆ. ಡಸ್ಟರ್ ನನ್ನ ಕೈಯಲ್ಲಿತ್ತು, ಕೊಡಲಿಲ್ಲ. ಅಂಗೈಯಿಂದ ಒರೆಸಿದಳು.

ಅಳಲಿಲ್ಲ. ಅತ್ತಿದ್ದರೆ ಕರಗುತ್ತಿದ್ದೆ ಎಂದು ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಾ ಅಂದುಕೊಂಡೆ, ಸುಳ್ಳು, ಅತ್ತಿದ್ದರೆ ಇನ್ನೆರಡು ಮಾತು ಆಡುತ್ತಿದ್ದೆ, ನನ್ನನ್ನು ನಾನು ಬಲ್ಲೆ. ಬ್ರಶ್ ಬಾಯಲ್ಲಿಟ್ಟುಕೊಂಡೇ ಎಕ್ಸ್ ಜಾಗದಲ್ಲಿ ಸೊನ್ನೆ ಹಾಕಿ ನೋಡಿದೆ, ನನ್ನದರಲ್ಲೂ ಒಂದು, ಅವಳದ್ದರಲ್ಲೂ ಒಂದು. ತೊಂಬತ್ತು ಡಿಗ್ರಿ ಹಾಕಿದೆ, ಎರಡರಲ್ಲೂ ಸೊನ್ನೆ. ನಲವತ್ತೈದು, ಎರಡರಲ್ಲೂ ಮೈನಸ್ ರೂಟ್ ಎರಡು. ಎಲ್ಲಿಯಾದರೂ ಒಂದು ಕಡೆ ತಪ್ಪಲಿ ಎಂದು ಮೂವತ್ತು, ಅರವತ್ತು, ಎಲ್ಲ ಹಾಕುತ್ತಾ ಹೋದೆ, ತಪ್ಪಲಿಲ್ಲ, ಹಾಳಾದ ಹುಡುಗಿ ಎಲ್ಲೂ ತಪ್ಪಲಿಲ್ಲ. ಒಳಗಿನಿಂದ ಸುಮಂಗಲಾ, ಏನ್ರಿ ಅದು, ಬಾಯಾಗ ಬ್ರಶ್ ಇಟ್ಕೊಂಡು ಮೂರೊಂದ್ಲೆ ಮೂರು ಅನ್ನಾಕತ್ತೀರಿ, ರವಿವಾರನೂ ಬಿಡೂದಿಲ್ಲೇನು. ಹೆಂಡತಿಯ ಕಿವಿ. ಎಣಿಕೆ ಮಾತ್ರ ನನಗೆ ಕನ್ನಡದಲ್ಲೇ ಬರುತ್ತದೆ, ಮಗ್ಗಿ ಎಂಬುದು ಹಾಲುಹಲ್ಲಿನ ಜೊತೆ ಬಂದು ಹಾಲುಹಲ್ಲಿನ ಜೊತೆ ಬೀಳದ ವಸ್ತು. ಪಾಠ ತೆಲುಗಿನಲ್ಲಿ, ಜಗಳ ಹಿಂದಿಯಲ್ಲಿ, ಊರು ಯಾವುದು ಎಂದರೆ ತಾಂಡೂರು. ತಾಂಡೂರು ಅಲ್ಲ, ಗಡಿ ದಾಟಿ ಆಚೆ, ಸೇಡಂ, ಅದನ್ನು ಕಾಲೇಜಿನಲ್ಲಿ ಯಾರಿಗೂ ಹೇಳಿಲ್ಲ. ನನ್ನಪ್ಪನೂ ಗಾರೆ ಕೆಲಸದವನು, ಅದಕ್ಕೇ ಇವನಿಗೆ ಕೀಳರಿಮೆ ಎಂದು ಯಾರಾದರೂ ಕಥೆ ಕಟ್ಟುವುದಾದರೆ ಕಟ್ಟಬೇಡಿ, ನನ್ನಪ್ಪ ಕನ್ನಡ ಶಾಲೆಯ ಮಾಸ್ತರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮಕ್ಕಳಿಗೆ ಹೊಡೆಯದೆ ಪಾಠ ಹೇಳಿದವರು. ನಾನು ಕನ್ನಡ ಬಿಟ್ಟದ್ದು ಅಬಿಡ್ಸ್‌ನ ಟ್ಯುಟೋರಿಯಲ್ಲಿನಲ್ಲಿ, ನಾನು ಪಾಠ ಮಾಡಿದ ಮೊದಲ ದಿನ, ನನ್ನ ತೆಲುಗು ಕೇಳಿ ಹಿಂದಿನ ಸಾಲಿನವನೊಬ್ಬ ಸಾರ್ ನಮ್ಮ ಬಿಲ್ಡಿಂಗಿನ ಮೇಸ್ತ್ರಿ ಹೀಗೇ ಮಾತಾಡುತ್ತಾನೆ ಎಂದ. ಅವತ್ತೂ ಕ್ಲಾಸು ನಕ್ಕಿತ್ತು. ನಗು ಯಾರ ಕಡೆಗಿದೆ ಎಂಬುದಷ್ಟೇ ವ್ಯತ್ಯಾಸ, ಅದನ್ನು ನಾನು ಅವತ್ತೇ ಕಲಿತೆ.

ಬರಿ, ಬರಿ, ಮೊದಲನೆಯದು ಹಾಗೇ, ಸೈನ್ ಎಕ್ಸ್, ಇಂಟು ಮೈನಸ್ ಟೂ ಸೈನ್ ಟೂ ಎಕ್ಸ್, ಪ್ಲಸ್ — ಭಾನುವಾರ ತಂದೆತಾಯಿಗಳು ಬರುವ ದಿನ, ಅಂಗಳದಲ್ಲಿ, ಮೆಟ್ಟಿಲ ಮೇಲೆ, ಸೈಕಲ್ ಸ್ಟ್ಯಾಂಡಿನ ನೆರಳಿನಲ್ಲಿ ಟಿಫಿನ್ ಕ್ಯಾರಿಯರ್ ಬಿಚ್ಚಿ ಮಕ್ಕಳ ಬಾಯಿಗೆ ತುತ್ತಿಡುವ ದಿನ, ಪುಳಿಹೋರೆಯ ಒಗ್ಗರಣೆ, ಬಿರಿಯಾನಿಯ ಮಸಾಲೆ, ಎಲ್ಲ ಕಲಸಿದ ಒಂದು ವಾಸನೆ, ಅದರ ನಡುವೆ ಜೋಳದ ರೊಟ್ಟಿಯ ಸುಟ್ಟ ವಾಸನೆ ಬಂತು, ತಿರುಗಿ ನೋಡಬಾರದಿತ್ತು, ಮೂಗು ತಿರುಗಿಸಿತು. ಅವನು ಶಾಂತಪ್ಪ, ಶೀತಲಳ ಅಪ್ಪ, ಪಟಾನ್‌ಚೆರುವಿನಲ್ಲಿ ಯಾವುದೋ ಕಂಪನಿಯ ಗೋಡೆ ಕಟ್ಟುತ್ತಾನೆ, ಊರ ಕಡೆಯವರ ಗುಂಪಿನಲ್ಲೇ ಕೆಲಸ, ತೆಲುಗು ಬಾರದು, ಎರಡು ಬಸ್ಸು ಬದಲಿಸಿ ಬಂದಿದ್ದ, ತಲೆಗೆ ಎಣ್ಣೆ ಹಚ್ಚಿ ಬಾಚಿದ್ದ, ಕಾಲರಿನ ಗುಂಡಿಯನ್ನೂ ಹಾಕಿದ್ದ. ಮಗಳನ್ನು ಮುಂದೆ ಬಿಟ್ಟುಕೊಂಡು ನನ್ನೆದುರು ನಿಂತು, ಶರಣ್ರೀ ಸರ್ರ, ನಮ್ಮ ಹುಡುಗಿ ಹೇಳ್ಯಾಳ್ರಿ, ನೀವೂ ನಮ್ಮ ಕಡೆಯವರಂತ, ಮಾರ್ಕ್ಸ್ ಕೂಡಸೂಮುಂದ ಕನ್ನಡದಾಗ ಎಣಸ್ತೀರಂತ, ಕೇಳಿ ಭಾಳ ಖುಷಿ ಆತ್ರಿ ಜೀವಕ್ಕ. ಅಂದರೆ ಇವಳಿಗೆ ಗೊತ್ತಿತ್ತು, ಎರಡು ವರ್ಷ ಮೊದಲ ಬೆಂಚಿನಲ್ಲಿ ಕೂತು ನನ್ನ ತುಟಿ ನೋಡಿದವಳು, ಯಾರಿಗೂ ಹೇಳದೆ ಇಟ್ಟುಕೊಂಡಿದ್ದಾಳೆ. ಪಕ್ಕದಲ್ಲಿ ಕೆಮಿಸ್ಟ್ರಿಯವರು ನಿಂತಿದ್ದರು. ನಾನು ಹುಬ್ಬು ಗಂಟಿಕ್ಕಿ ಅವಳನ್ನು ಕೇಳಿದೆ, ಏಮಂಟುನ್ನಾಡು, ಏನನ್ನುತ್ತಾನೆ ಇವನು, ಯಾವ ಭಾಷೆ ಇದು. ಅವಳ ಮುಖದಲ್ಲಿ ಏನೂ ಅಲುಗಲಿಲ್ಲ. ಅಪ್ಪ ನಮಸ್ಕಾರ ಹೇಳುತ್ತಿದ್ದಾರೆ ಸಾರ್, ಎಂದಳು, ಶುದ್ಧ ತೆಲುಗಿನಲ್ಲಿ. ಶಾಂತಪ್ಪನ ಮುಖ ಸ್ವಲ್ಪ ಬಾಡಿತು, ಹೌದೇನು, ಸರ್ರಿಗೆ ಕನ್ನಡ ಬರಂಗಿಲ್ಲೇನು, ನೀ ತಪ್ಪು ಕೇಳಿರಬೇಕು ಬಿಡು ನಮ್ಮವ್ವ.

ಹಾಗಾದರೆ ನೀನೇ ಹೇಳು ನಿಮ್ಮಪ್ಪನಿಗೆ, ಎಂದೆ, ತೆಲುಗಿನಲ್ಲಿ, ನಿನ್ನ ಬಾಯಿಂದಲೇ ಹೇಳು, ನೀನು ಕಾಪಿ ಹೊಡೆದೆ, ಕಾಪಿ ಹೊಡೆಯುವವರಿಗೆ ಒಂದನೇ ಸೆಕ್ಷನ್ನಿನಲ್ಲಿ ಜಾಗವಿಲ್ಲ, ಗಂಟುಮೂಟೆ ಕಟ್ಟಿಸಿಕೊಂಡು ಹೋಗಲು ಹೇಳು. ಅವಳು ಅಪ್ಪನ ಕಡೆ ತಿರುಗಿ, ಅಪ್ಪಾ, ಸರ್ ಅಂತಾರ, ಹುಡುಗಿ ಓದೂದು ಛಲೋ ಐತಿ, ಬರಿಯೂದೊಂದೀಟು ಸುಧಾರಿಸಬೇಕಂತ. ನಾನು ಕೇಳಿಸಿಕೊಂಡೆ. ನಾನು ಕೇಳಿಸಿಕೊಳ್ಳುತ್ತಿದ್ದೇನೆ ಎಂದು ಅವಳಿಗೆ ಗೊತ್ತು. ಹೌದ್ರಿ ಸರ್ರ, ಸಣ್ಣಾಕಿ ಇದ್ದಾಗಿಂದನೂ ಅಕ್ಷರ ಓಡಸ್ತಾಳ್ರಿ, ಎಂದು ಅವನು ನಕ್ಕ, ಅವನ ನಗು ನೋಡಿ ನನಗೆ ಒಂದು ರೀತಿಯ ರುಚಿ ಹತ್ತಿತು, ಯಾಕೆ ಮುಚ್ಚಿಡಲಿ, ರುಚಿಯೇ ಅದು, ಎಷ್ಟು ಹೊಲಸು ಮಾತಾಡಿದರೆ ಈ ಹುಡುಗಿ ಎಷ್ಟು ದೂರ ತನಕ ಸಿಹಿ ಮಾಡಿಯಾಳು ನೋಡೋಣ ಎಂದು. ಹೇಳು ಅವನಿಗೆ, ಪಟಾನ್‌ಚೆರುವಿನ ಔಷಧಿ ಕಂಪನಿಗಳಲ್ಲಿ ಮಾತ್ರೆ ಡಬ್ಬಿಗೆ ತುಂಬಲು ಹುಡುಗಿಯರು ಬೇಕಂತೆ, ನಿನ್ನ ಕೈ ಅದಕ್ಕೇ ಸರಿ, ಪೆನ್ನಿಗಲ್ಲ. ಅಪ್ಪನ ಕೈಯತ್ತ ನೋಡಿದಳು, ಆಮೇಲೆ, ಅಪ್ಪಾ, ಸರ್ ಕೇಳಾಕತ್ತಾರ, ನಿನ್ನ ಕೈಗೇನಾಗೈತಿ ಅಂತ. ಶಾಂತಪ್ಪ ಕೈಯನ್ನು ಬೆನ್ನ ಹಿಂದೆ ಒಯ್ದ, ಮತ್ತೆ ನಾಚಿಕೊಂಡು ಮುಂದೆ ತಂದು ತೋರಿಸಿದ, ಬೆರಳಿನ ಸಂದಿಯೆಲ್ಲ ಬಿಳಿಚಿ ಸೀಳಿತ್ತು, ಏನಿಲ್ರಿ ಸರ್ರ, ಸಿಮಿಟ್ ತಿಂದೈತ್ರಿ, ಕೊಬ್ಬರಿ ಎಣ್ಣಿ ಹಚ್ಚಿದ್ರ ಹೋಗ್ತೈತ್ರಿ, ಕೇಳಿದ್ರಲ್ಲ, ಅಷ್ಟ ಸಾಕು. ಕಣ್ಣಲ್ಲಿ ನೀರು ಬಂದಿತ್ತು ಅವನಿಗೆ, ಒಬ್ಬ ದೊಡ್ಡ ಕಾಲೇಜಿನ ಮಾಸ್ತರು ತನ್ನ ಕೈ ವಿಚಾರಿಸಿದ ಎಂದು. ಆಗಲಾದರೂ ನಿಲ್ಲಿಸಬಹುದಿತ್ತು, ಶಾಂತಪ್ಪಾ ಎಂದು ಒಂದು ಮಾತು, ನಮ್ಮ ಭಾಷೆಯಲ್ಲಿ, ಎಲ್ಲ ಮುಗಿಯುತ್ತಿತ್ತು. ಬದಲಿಗೆ ನನಗೆ ಸಿಟ್ಟು ಬಂತು, ಅವನ ಮೇಲಲ್ಲ, ನನ್ನ ವಿಷವನ್ನೆಲ್ಲ ಹಾಲು ಮಾಡಿ ಕುಡಿಸುತ್ತಿದ್ದಾಳಲ್ಲ, ಇವಳ ಮೇಲೆ. ಗಂಟಲು ಏರಿಸಿ ಹೇಳಿದೆ, ನಾನು ಆಡಿದ ಮಾತನ್ನು ಆಡಿದ ಹಾಗೇ ಹೇಳು, ಒಂದು ಪದ ಬಿಡಬಾರದು, ಸೀಟು ಹೋಯಿತು ಎಂದು ಹೇಳು. ಶಾಂತಪ್ಪ ಗಾಬರಿಯಿಂದ, ಯಾಕ ಸರ್ ಸಿಟ್ಟಾಗ್ಯಾರಲ್ಲ, ಏನಂತಾರ. ಆಗ ಅವಳು ಅಪ್ಪನ ಕಡೆ ತಿರುಗಲಿಲ್ಲ, ನನ್ನ ಕಡೆ ತಿರುಗಿದಳು —

ಸಾರ್, ಡೌಟ್. ಮಾನಸಾ ಎದ್ದು ನಿಂತಿದ್ದಾಳೆ, ಶೀತಲಳ ಜಾಗದಲ್ಲಿ. ಸಾರ್, ಯು ವಿ ಹಾಕದೆ, ಮೊದಲೇ ಟ್ರಾನ್ಸ್‌ಫರ್ಮೇಶನ್ಸ್ ಸೂತ್ರ ಹಾಕಿ ಇದನ್ನು ಅರ್ಧ ಇಂಟು ಸೈನ್ ತ್ರೀ ಎಕ್ಸ್ ಮೈನಸ್ ಸೈನ್ ಎಕ್ಸ್ ಮಾಡಿಕೊಂಡರೆ ಎರಡೇ ಸಾಲಿನಲ್ಲಿ ಬರುತ್ತದಲ್ಲ ಸಾರ್. ಈ ಸಲ ಯಾರೂ ನಗಲಿಲ್ಲ. ಅಂದರೆ ನಿನ್ನೆ ಹಾಸ್ಟೆಲಿನಲ್ಲಿ ಕೂತು ಮಾಡಿ ನೋಡಿದ್ದಾರೆ, ಎಲ್ಲರಿಗೂ ಗೊತ್ತು, ಅರವತ್ತು ಜನಕ್ಕೂ ಗೊತ್ತು, ಹಿಂದಿನ ಬೆಂಚಿನಲ್ಲಿ ಬಡಿದು ನಕ್ಕವರಿಗೂ ಗೊತ್ತು, ನಾನೇನು ಹೇಳುತ್ತೇನೆ ನೋಡೋಣ ಎಂದು ಕೂತಿದ್ದಾರೆ. ತಪ್ಪು ಎಂದರೆ ನಾನು ದಡ್ಡ. ಸರಿ ಎಂದರೆ ಜೇಬಿನಲ್ಲಿರುವ ಪಟ್ಟಿ. ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು, ಇಲ್ಲ, ನನ್ನ ನಾಲಿಗೆಗೆ ಎಲ್ಲವೂ ಆಗುತ್ತದೆ. ಗುಡ್, ಎಂದೆ, ವೆರಿ ಗುಡ್ ಮಾನಸಾ, ಹಾಗೂ ಮಾಡಬಹುದು, ಅದು ಬುದ್ಧಿವಂತರ ದಾರಿ, ನೀನು ಸೂತ್ರ ಯಾವುದೆಂದು ಬಾಯಿಬಿಟ್ಟು ಹೇಳಿದೆ, ಹಾಗೆ ಹೇಳಿ ಮಾಡಿದರೆ ಐದಕ್ಕೆ ಐದು. ಎಲ್ಲರೂ ಬರೆದುಕೊಳ್ಳಿ. ಅರವತ್ತು ತಲೆ ಬಗ್ಗಿದವು, ಬರೆದುಕೊಂಡವು. ಒಂದು ಪೆನ್ನೂ ತಡೆಯಲಿಲ್ಲ. ಸಾರ್ ಹಾಗಾದರೆ ಶೀತಲ, ಎಂದು ಒಬ್ಬರೂ ಕೇಳಲಿಲ್ಲ, ಮಾನಸಾ ಕುಳಿತುಕೊಳ್ಳುವಾಗ ಲಂಗವನ್ನು ಸರಿಮಾಡಿಕೊಂಡು ಆ ಜಾಗದಲ್ಲಿ ಇನ್ನಷ್ಟು ಒತ್ತಿ ಕುಳಿತಳು. ಇವರನ್ನು ನಾನು ಚೆನ್ನಾಗಿಯೇ ತಯಾರು ಮಾಡಿದ್ದೇನೆ. ಬಾಗಿಲಲ್ಲಿ ಅಟೆಂಡರ್, ಸಾರ್ ಲಿಸ್ಟು, ಇನ್ನೂ ಹತ್ತು ನಿಮಿಷ ಇದೆಯಲ್ಲಯ್ಯಾ ಎಂದೆ, ದೊಡ್ಡ ಸಾರ್ ಕೇಳುತ್ತಿದ್ದಾರೆ ಸಾರ್. ಜೇಬಿನಿಂದ ತೆಗೆದೆ. ಕೆಂಪು ಪೆನ್ನು ಅದೇ ಜೇಬಿನಲ್ಲಿ, ಬೆರಳಿಗೆ ಸಿಕ್ಕಿತು, ಮುಚ್ಚಳವನ್ನೂ ತೆಗೆದೆ, ಕಾಪಿ ಎಂಬ ಎರಡಕ್ಷರದ ಮೇಲೆ ಒಂದು ಗೀಟು, ಯು ಡಬ್ಬಿಗೆ ಎಳೆಯುವಷ್ಟೂ ಉದ್ದ ಬೇಡ. ಶೀತಲ ನಿನ್ನೆ ಅಂಗಳದಲ್ಲಿ ಹಾಗೆ ಮಾಡದಿದ್ದರೆ ಎಳೆಯುತ್ತಿದ್ದೆ. ಎಳೆಯುತ್ತಿದ್ದೆನೇ. ಕೊಟ್ಟುಬಿಟ್ಟೆ. ಅವನು ಮಡಚಿಕೊಂಡು ಹೋದ, ಚಪ್ಪಲಿಯ ಸದ್ದು ವರಾಂಡದ ತುದಿ ತನಕ ಕೇಳಿ ನಿಂತಿತು, ಮುಗಿಯಿತು. ಇನ್ನರ್ಧ ಗಂಟೆಗೆ ಅವಳು ಟ್ರಂಕು ಎತ್ತಿಕೊಂಡು ಗೇಟು ದಾಟುತ್ತಾಳೆ.

ಮುಂದಿನ ಲೆಕ್ಕ, ಎಕ್ಸ್ ಸ್ಕ್ವೇರ್ ಇಂಟು ಟ್ಯಾನ್ ತ್ರೀ ಎಕ್ಸ್, ಇದಕ್ಕೆ ಬುದ್ಧಿವಂತರ ದಾರಿ ಇಲ್ಲ, ಇದಕ್ಕೆ ನಾನೇ ಬೇಕು, ಮೊದಲನೆಯದನ್ನು ಹಾಗೇ ಇಡು, ಎರಡನೆಯದನ್ನು ಬದಲಿಸು, ಸೆಕ್ ಸ್ಕ್ವೇರ್ ತ್ರೀ ಎಕ್ಸ್, ಒಳಗಿನ ಮೂರನ್ನು ಹೊರಗೆ ತಾ, ಮೂರು, ಮೂರು — ಆಗ ಅವಳು ಅಪ್ಪನ ಕಡೆ ತಿರುಗಲಿಲ್ಲ, ನನ್ನ ಕಡೆ ತಿರುಗಿದಳು, ನನ್ನ ಕಣ್ಣನ್ನೇ ನೋಡುತ್ತಾ ಕನ್ನಡದಲ್ಲಿ ಹೇಳಿದಳು, ಅಪ್ಪಾ, ಸರ್ ಹೇಳಾಕತ್ತಾರ, ನನ್ನ ಉತ್ತರ ಸರಿ ಇತ್ತಂತ, ತಪ್ಪು ಅವರದಂತ, ಎಲ್ಲಾರ ಮುಂದ ಅಂದುಬಿಟ್ಟೆ, ಮಾಫ್ ಮಾಡ್ರಿ ಅಂತಾರ. ಬಾಯಿ ತೆರೆದೆ, ಅಲ್ಲ ಎನ್ನಬೇಕು, ನಾನು ಹಾಗೆ ಹೇಳಿಲ್ಲ ಎನ್ನಬೇಕು, ಯಾವ ಭಾಷೆಯಲ್ಲಿ ಎನ್ನಲಿ, ಕನ್ನಡ ಅರ್ಥವಾಗದವನಿಗೆ ಅಲ್ಲ ಎನ್ನಬೇಕೆಂದು ಹೇಗೆ ಗೊತ್ತಾಗಬೇಕು, ಕೆಮಿಸ್ಟ್ರಿಯವರು ಪಕ್ಕದಲ್ಲೇ ಇದ್ದಾರೆ, ಬಾಯಿ ಮುಚ್ಚಿಕೊಂಡೆ. ಶಾಂತಪ್ಪ ಎರಡು ಹೆಜ್ಜೆ ಹಿಂದೆ ಸರಿದ, ಅಯ್ಯ, ಇದೇನ್ರಿ ಸರ್ರ, ನೀವು ದೊಡ್ಡವರು ಹಂಗನಬಾರದ್ರಿ, ತಪ್ಪು ಯಾರ ಕೈಲೆ ಆಗಂಗಿಲ್ರಿ, ಗ್ವಾಡಿ ಸೊಟ್ಟಾತಂದ್ರ ಕೆಡವಿ ಕಟ್ಟತೀವ್ರಿ ನಾವು, ಅಷ್ಟ ಅಲ್ಲೇನ್ರಿ, ಎಂದವನೇ ಬಗ್ಗಿ ನನ್ನ ಬೂಟು ಮುಟ್ಟಿದ, ಆ ಸೀಳಿದ ಬೆರಳಿನಿಂದ, ಮುಟ್ಟಿ ಕಣ್ಣಿಗೆ ಒತ್ತಿಕೊಂಡ, ಬಗ್ಗಿದ್ದವನು ಹಾಗೇ ತಲೆಯೆತ್ತಿ, ಹೇಳು ನಮ್ಮವ್ವ ಸರ್ರಿಗೆ, ನಮ್ಮ ಮನಸಿನ್ಯಾಗ ಏನೂ ಇಲ್ಲಂತ ಹೇಳು, ಎಂದ. ಅವಳು ಆಗಲೂ ಅವನ ಕಡೆ ನೋಡಲಿಲ್ಲ. ಅಪ್ಪ ಬೂಟಿನ ಹತ್ತಿರ, ಮಗಳ ಮುಖ ನನ್ನ ಮುಖಕ್ಕೆ ನೇರ. ಈಗ ತೆಲುಗಿನಲ್ಲಿ, ಕೆಮಿಸ್ಟ್ರಿಯವರಿಗೂ ಕೇಳುವ ಹಾಗೆ, ಒಂದೊಂದೇ ಪದ — ಒಳಗಿನ ಮೂರನ್ನು ಹೊರಗೆ ತಂದು, ಸಾರ್ ಯಾಕೆ ನಿಲ್ಲಿಸಿದಿರಿ ಸಾರ್, ಯಾರೋ ಹಿಂದಿನಿಂದ, ಹೊರಗೆ ತಂದು, ಏನು ಮಾಡಬೇಕು — ಮಾ ನಾನ್ನ ಕ್ಷಮಿಂಚರಂಟ ಸಾರ್. ನಮ್ಮಪ್ಪ ಕ್ಷಮಿಸುವುದಿಲ್ಲವಂತೆ. ಅವನಿನ್ನೂ ಬಗ್ಗಿಯೇ ಇದ್ದಾನೆ, ನಗುತ್ತಾ, ಮಗಳು ತನ್ನ ಮಾತನ್ನೇ ಮುಟ್ಟಿಸಿದಳೆಂದು ತಲೆಯಾಡಿಸುತ್ತಾ, ಮತ್ತು ಅವಳು ಕಣ್ಣು ಮಿಟುಕಿಸದೆ ನನ್ನನ್ನೇ —